ಹೆಸರಳಿದ ಪೆಟ್ಟಿಗೆಯ ಹುಟ್ಟೂರು

ಶಾಸನಗಳನ್ನು ಓದುವವರಿಗೆ ಒಂದು ಅಭ್ಯಾಸ ತಾನಾಗಿ ಬಂದುಬಿಡುತ್ತದೆ. ಕಲ್ಲಿನ ಮೇಲ್ಭಾಗದಲ್ಲಿ ರಾಜನ ಬಿರುದಾವಳಿ ಇರುತ್ತದೆ; ಅವನು ಗೆದ್ದ ದೇಶಗಳು, ಓಡಿಸಿದ ಶತ್ರುಗಳು, ಅವನ ಕೀರ್ತಿ ಬೆಳಗಿದ ದಿಕ್ಕುಗಳು. ಅದನ್ನು ಗೌರವದಿಂದ ಓದುತ್ತೇವೆ, ಪೂರ್ತಿ ನಂಬುವುದಿಲ್ಲ. ಕೆಳಗೆ ಇಳಿದಂತೆ ದತ್ತಿ ಬಿಟ್ಟ ಗದ್ದೆಯ ಎಲ್ಲೆಗಳು ಬರುತ್ತವೆ: ಮೂಡಲು ಹುಣಿಸೆಯ ಮರ, ತೆಂಕಲು ಕೆರೆಯ ತೂಬು, ಪಡುವಲು ಹಾಸುಬಂಡೆ. ಅಲ್ಲಿ ನಮ್ಮ ಪೆನ್ಸಿಲು ಚುರುಕಾಗುತ್ತದೆ. ಊರಿನವರೆಲ್ಲ ಕಂಡಿದ್ದ ಹುಣಿಸೆಯ ಮರದ ವಿಷಯದಲ್ಲಿ ಸುಳ್ಳು ಬರೆಯುವುದು ಅಷ್ಟು ಸುಲಭವಲ್ಲ.

ಈ ಅಭ್ಯಾಸ ಒಮ್ಮೆ ನನಗೆ ಕಲ್ಲಿಗೂ ತಾಮ್ರಪಟಕ್ಕೂ ಸಂಬಂಧವೇ ಇಲ್ಲದ ಒಂದೆಡೆ ಉಪಯೋಗಕ್ಕೆ ಬಂದಿತು. 2011ರ ಮಳೆಗಾಲದಲ್ಲಿ ಹಾಸನದ ಹಳೆಯ ಮನೆಯೊಂದರ ಅಟ್ಟದಿಂದ ಇಳಿಸಿದ ಒಂದು ಭಾರವಾದ ಪೆಟ್ಟಿಗೆಯ ಹುಟ್ಟೂರನ್ನೂ ಹುಟ್ಟಿದ ವರ್ಷವನ್ನೂ ಹುಡುಕಿದ ಪ್ರಸಂಗ ಅದು. ಅದರ ನೆಪದಲ್ಲಿ ವಾಲ್ವ್ ಸ್ಟೀರಿಯೊ ಎಂಬ ಅಲ್ಪಾಯುಷಿ ಯಂತ್ರದ ಇತಿಹಾಸವನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಮನೆಯ ಯಜಮಾನರು ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರರಾಗಿದ್ದು ಕಾಲವಾಗಿದ್ದರು. ಅವರ ಪತ್ನಿಗೆ ಆಗಲೇ ಎಪ್ಪತ್ತೈದು ದಾಟಿತ್ತು. ಮನೆಯನ್ನು ಮಾರುವ ಮಾತು ನಡೆದು, ಅಟ್ಟದ ಸಾಮಾನೆಲ್ಲ ಗುಜರಿಯವನ ತಕ್ಕಡಿಗೆ ಹೋಗುವುದರಲ್ಲಿತ್ತು. ಪೆಟ್ಟಿಗೆಯಲ್ಲಿ ಮೂರು ದೊಡ್ಡ ಟ್ರಾನ್ಸ್‌ಫಾರ್ಮರುಗಳಿದ್ದವು. ಅಂದರೆ ಒಳ್ಳೆಯ ತಾಮ್ರದ ತಂತಿ. ಗುಜರಿಯವನು ಅದಕ್ಕೆ ಬೇರೆಯೇ ಬೆಲೆ ಹೇಳಿದ್ದ. ಆಗ ಆಕೆ, "ಅದೊಂದು ಬೇಡ. ನಮ್ಮ ಯಜಮಾನರು 1956ರಲ್ಲಿ ಲಂಡನ್ನಿನಿಂದ ತಂದದ್ದು" ಎಂದು ತಡೆದರಂತೆ. ಮೊಮ್ಮಗ ಎಂಜಿನಿಯರಿಂಗ್ ಓದಿದ ಹುಡುಗ. "ಇಲ್ಲ ಅಜ್ಜಿ, ಇದು ಅಜ್ಜನೇ ಕೂಡಿಸಿದ್ದು. ವಾಲ್ವುಗಳ ಮೇಲೆ ಬೆಂಗಳೂರಿನ ಬಿಇಎಲ್ ಹೆಸರಿದೆ, ನೋಡು" ಎಂದ. ಪೆಟ್ಟಿಗೆಗೆ ಹೆಸರುಪಟ್ಟಿಯಿರಲಿಲ್ಲ. ಇಡೀ ತಗಡಿಗೆ ಯಾರೋ ಬೂದು ಬಣ್ಣ ಬಳಿದಿದ್ದರು. ಅಜ್ಜಿ, ಮೊಮ್ಮಗ ಇಬ್ಬರಲ್ಲಿ ಯಾರ ಮಾತು ನಿಜ ಎಂದು ತೀರ್ಮಾನಿಸಲು ನನ್ನನ್ನು ಕರೆದರು. ಹಳೆಯ ರೇಡಿಯೊಗಳ ಗೀಳು ನನಗಿದೆ ಎಂಬುದು ಊರಿಗೆಲ್ಲ ತಿಳಿದ ಸಂಗತಿ.

ಪೆಟ್ಟಿಗೆ ಎಂದೆನಾದರೂ ನಿಜವಾಗಿ ಅದೊಂದು ಆಂಪ್ಲಿಫೈಯರು. ಗ್ರಾಮಫೋನಿನ ಮುಳ್ಳು ಹೆಕ್ಕಿದ ಸಣ್ಣ ಸದ್ದನ್ನು ಕೋಣೆ ತುಂಬುವಷ್ಟು ಹಿಗ್ಗಿಸಿ ಕೊಡುವ ಯಂತ್ರ. ಹಿಗ್ಗಿಸುವ ಕೆಲಸವನ್ನು ಮಾಡುವುದು ವಾಲ್ವು, ಅಂದರೆ ಗಾಳಿ ತೆಗೆದ ಗಾಜಿನ ಬುರುಡೆ. ಒಳಗಿನ ಕೆಂಪಗೆ ಕಾದ ಕಡ್ಡಿಯಿಂದ ಎಲೆಕ್ಟ್ರಾನುಗಳು ಹೊರಟು ಎದುರಿನ ತಗಡಿಗೆ ಹರಿಯುತ್ತವೆ. ನಡುವೆ ತಂತಿಯ ಒಂದು ಜಾಲರಿ. ಜಾಲರಿಯ ಮೇಲಿನ ಸಣ್ಣ ಏರಿಳಿತ ಆ ದೊಡ್ಡ ಹರಿವನ್ನೇ ಏರಿಳಿಸುತ್ತದೆ, ತೂಬಿನ ಬಾಗಿಲನ್ನು ಒಂದು ಕೈಯಿಂದ ಎತ್ತಿಳಿಸಿದರೆ ಕಾಲುವೆಯ ನೀರೆಲ್ಲ ಮಾತು ಕೇಳುವ ಹಾಗೆ. ಆದರೆ ವಾಲ್ವಿನಿಂದ ಬರುವುದು ಹೆಚ್ಚು ವೋಲ್ಟೇಜು, ಕಡಿಮೆ ಪ್ರವಾಹ. ಸ್ಪೀಕರಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ಈ ಇಬ್ಬರ ನಡುವೆ ದುಭಾಷಿಯಾಗಿ ನಿಲ್ಲುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರು. ಒಂದು ಧ್ವನಿಗೆ ಒಂದು ಬೇಕು, ಎರಡು ಧ್ವನಿಗೆ ಎರಡು.

ನಾನು ಮೊದಲು ಎಣಿಸಿದ್ದು ಅದನ್ನೇ. ಒಂದೇ ಅಳತೆಯ ಎರಡು ಟ್ರಾನ್ಸ್‌ಫಾರ್ಮರು, ಜೊತೆಗೆ ವಿದ್ಯುತ್ ಪೂರೈಕೆಯ ದೊಡ್ಡದೊಂದು. ಎಂದರೆ ಯಂತ್ರ ಸ್ಟೀರಿಯೊ. ಇಷ್ಟು ತಿಳಿದರೆ ಅರ್ಧ ಇತಿಹಾಸ ತಿಳಿದಂತೆಯೇ. ಏಕೆಂದರೆ ವಾಲ್ವಿನ ಕಾಲ ದೀರ್ಘ, ಸ್ಟೀರಿಯೊದ ಕಾಲ ಇನ್ನೂ ದೀರ್ಘ. ಎರಡೂ ಒಂದೇ ಸೂರಿನಡಿ ಬಾಳಿದ್ದು ಮಾತ್ರ ಹೆಚ್ಚುಕಡಿಮೆ ಹತ್ತು ವರ್ಷ. ಆ ಹತ್ತು ವರ್ಷ ಹೇಗೆ ಬಂತು ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು.

ಅಲನ್ ಡವರ್ ಬ್ಲೂಮ್ಲೀನ್ ಎಂಬ ಇಂಗ್ಲಿಷ್ ಎಂಜಿನಿಯರ್ ಹುಟ್ಟಿದ್ದು 1903ರಲ್ಲಿ. ಅವರು ಹೆಂಡತಿಯೊಡನೆ ಸಿನಿಮಾಕ್ಕೆ ಹೋಗಿದ್ದಾಗ, ಪರದೆಯ ಮೇಲೆ ನಟ ಎಡಕ್ಕೆ ನಡೆದರೂ ಬಲಕ್ಕೆ ನಡೆದರೂ ಅವನ ದನಿ ಮಾತ್ರ ಒಂದೇ ಜಾಗದಿಂದ ಬರುವುದನ್ನು ಕಂಡು ಬೇಸತ್ತು, ಇದನ್ನು ಸರಿಪಡಿಸುವ ದಾರಿ ನನಗೆ ಗೊತ್ತಿದೆ ಎಂದರೆಂಬ ಕಥೆ ಪ್ರಸಿದ್ಧವಾಗಿದೆ. ಕಥೆ ಹೇಗೂ ಇರಲಿ, 1931ರ ಡಿಸೆಂಬರ್ 14ರಂದು ಅವರು ಸಲ್ಲಿಸಿದ ಪೇಟೆಂಟ್ ಅರ್ಜಿ ಮಾತ್ರ ಕಥೆಯಲ್ಲ. 394325 ಎಂಬ ಸಂಖ್ಯೆಯ ಆ ಪೇಟೆಂಟಿನಲ್ಲಿ ಎಪ್ಪತ್ತು ಹಕ್ಕೊತ್ತಾಯಗಳಿವೆ. ಎರಡು ಮೈಕ್ರೊಫೋನುಗಳನ್ನು ಹೇಗೆ ಇಡಬೇಕು ಎಂಬುದರಿಂದ ಹಿಡಿದು, ಒಂದೇ ಗೀರಿನಲ್ಲಿ ಎರಡು ಧ್ವನಿಗಳನ್ನು ಹೇಗೆ ಕೊರೆಯಬೇಕು ಎಂಬುದರವರೆಗೆ ಎಲ್ಲವೂ ಅದರಲ್ಲಿದೆ. ಗ್ರಾಮಫೋನ್ ತಟ್ಟೆಯ ಗೀರು ಒಂದು ಕಿರಿದಾದ ಹಳ್ಳವೆಂದುಕೊಳ್ಳಿ. ಅದರ ಎರಡು ದಡಗಳನ್ನೂ 45 ಡಿಗ್ರಿ ಓರೆಯಾಗಿ ಕೊರೆದು, ಎಡದ ದನಿಯನ್ನು ಒಂದು ದಡಕ್ಕೂ ಬಲದ ದನಿಯನ್ನು ಇನ್ನೊಂದಕ್ಕೂ ಒಪ್ಪಿಸಿದರೆ, ನಡುವೆ ಸಾಗುವ ಒಂದೇ ಮುಳ್ಳು ಎರಡನ್ನೂ ಬೇರೆಬೇರೆಯಾಗಿ ಹೆಕ್ಕಬಲ್ಲದು.

1934ರ ಜನವರಿಯಲ್ಲಿ ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಥಾಮಸ್ ಬೀಚಮ್ ಅವರು ಮೊಜಾರ್ಟನ ಜ್ಯೂಪಿಟರ್ ಸಿಂಫನಿಯ ಅಭ್ಯಾಸ ನಡೆಸುತ್ತಿದ್ದಾಗ ಬ್ಲೂಮ್ಲೀನ್ ಅದನ್ನು ಈ ಬಗೆಯಲ್ಲಿ ಧ್ವನಿಮುದ್ರಿಸಿದರು. 1935ರಲ್ಲಿ ಪ್ರಯೋಗಶಾಲೆಯ ಕಿಟಕಿಯಿಂದ ಹೇಸ್ ರೈಲು ನಿಲ್ದಾಣವನ್ನು ಚಿತ್ರೀಕರಿಸಿ, ಬಂಡಿ ಸಾಗಿದಂತೆ ಸದ್ದೂ ಸಾಗುವುದನ್ನು ತೋರಿಸಿಕೊಟ್ಟರು. ಆದರೆ ಕೊಳ್ಳುವವರಿರಲಿಲ್ಲ. ಒಂದು ಸ್ಪೀಕರಿಗೇ ಹಣವಿಲ್ಲದ ಮುಗ್ಗಟ್ಟಿನ ಕಾಲದಲ್ಲಿ ಎರಡನ್ನು ಯಾರು ಕೊಂಡಾರು? ಆಮೇಲೆ ಯುದ್ಧ ಬಂತು. ವಿಮಾನದಿಂದ ನೆಲವನ್ನು ನೋಡುವ ಎಚ್-2-ಎಸ್ ಎಂಬ ರೇಡಾರ್ ಉಪಕರಣದ ಪರೀಕ್ಷೆಯಲ್ಲಿದ್ದಾಗ, 1942ರ ಜೂನ್ 7ರಂದು, ಅವರಿದ್ದ ಹ್ಯಾಲಿಫ್ಯಾಕ್ಸ್ ವಿಮಾನ ಉರಿದು ಬಿದ್ದು ಹನ್ನೊಂದು ಜನರೂ ಸತ್ತರು. ಬ್ಲೂಮ್ಲೀನರಿಗೆ ಇನ್ನೂ ಮೂವತ್ತೊಂಬತ್ತು ತುಂಬಿರಲಿಲ್ಲ. ಯುದ್ಧದ ಗುಟ್ಟೆಂದು ಆ ಸಾವನ್ನೂ ಆಗ ಮುಚ್ಚಿಟ್ಟರು.

ಅವರು ಕಂಡ ಗೀರು ಅಂಗಡಿಗೆ ಬಂದದ್ದು ಕಾಲು ಶತಮಾನ ಕಳೆದ ಮೇಲೆ. ಅಮೆರಿಕದ ವೆಸ್ಟ್ರೆಕ್ಸ್ ಕಂಪನಿ 1957ರಲ್ಲಿ ಅದೇ 45 ಡಿಗ್ರಿಯ ಉಪಾಯವನ್ನು ಮತ್ತೆ ರೂಪಿಸಿ ತೋರಿಸಿತು. ಆ ವರ್ಷದ ಕೊನೆಗೆ ಆಡಿಯೊ ಫಿಡೆಲಿಟಿ ಎಂಬ ಸಣ್ಣ ಸಂಸ್ಥೆ ಸ್ಟೀರಿಯೊ ತಟ್ಟೆಯನ್ನು ಹೊರತಂದು ದೊಡ್ಡವರನ್ನೆಲ್ಲ ಬೆಚ್ಚಿಬೀಳಿಸಿತು. 1958ರಲ್ಲಿ ಅಟ್ಲಾಂಟಿಕ್ ಸಾಗರದ ಎರಡೂ ದಡಗಳಲ್ಲಿ ಎಲ್ಲ ಕಂಪನಿಗಳೂ ಆ ದಾರಿ ಹಿಡಿದವು. ಇತ್ತ ಟ್ರಾನ್ಸಿಸ್ಟರ್ 1947ರಲ್ಲೇ ಹುಟ್ಟಿ ಬೆಳೆಯುತ್ತಿತ್ತು; ಅರವತ್ತರ ದಶಕ ಮುಗಿಯುವಷ್ಟರಲ್ಲಿ ಅದು ವಾಲ್ವನ್ನು ಮನೆಯಿಂದ ಹೆಚ್ಚುಕಡಿಮೆ ಹೊರದೂಡಿತು. ಎಂದರೆ ಹೆಸರಿಲ್ಲದ ಒಂದು ವಾಲ್ವ್ ಸ್ಟೀರಿಯೊ ಎದುರಿಗೆ ಬಂದರೆ, ಕಣ್ಣು ಮುಚ್ಚಿ 1958ರಿಂದ 1968ರ ಒಳಗಿನದೆಂದು ಹೇಳಬಹುದು. ತಪ್ಪಾಗುವ ಸಂಭವ ಕಡಿಮೆ.

ಕಡಿಮೆಯೇ ಹೊರತು ಇಲ್ಲವೆಂದಲ್ಲ. ಇಂಗ್ಲೆಂಡಿನಲ್ಲಿ ಇ.ಎಂ.ಐ. ಕಂಪನಿ ತಟ್ಟೆಗಳಿಗೆ ಮೊದಲೇ, 1955ರಲ್ಲಿ, ಸ್ಟೀರಿಯೊಸಾನಿಕ್ ಎಂಬ ಹೆಸರಿನಿಂದ ಎರಡು ಧ್ವನಿಯ ಟೇಪುಗಳನ್ನು ಮಾರಿತ್ತು. ಅವು ಸಿರಿವಂತರ ಸಾಮಗ್ರಿ. ಲಂಡನ್ನಿನಲ್ಲಿ ಓದಲು ಹೋದ ನಮ್ಮ ಕಡೆಯ ಎಂಜಿನಿಯರೊಬ್ಬರು ವಿದ್ಯಾರ್ಥಿವೇತನದಲ್ಲಿ ಅದನ್ನು ಕೊಂಡಿರಲಾರರು ಎಂದುಕೊಂಡೆ. ಆದರೆ "ಇರಲಾರರು" ಎಂಬುದು ಸಾಕ್ಷ್ಯವಲ್ಲ. ಅಜ್ಜಿಯ 1956 ಇನ್ನೂ ಉಸಿರಾಡುತ್ತಿತ್ತು.

ಇನ್ನು ದೇಶ ಯಾವುದು? ಇದು ಸುಲಭ. ಅಮೆರಿಕದ ಮನೆಗಳ ವಿದ್ಯುತ್ತು 117 ವೋಲ್ಟಿನ ಆಸುಪಾಸು, ಅಲ್ಲಿಯ ಯಂತ್ರಗಳೂ ಅದಕ್ಕೆ ತಕ್ಕಂತೆ. ಇಂಗ್ಲೆಂಡಿನಲ್ಲಿ ಒಂದೊಂದು ಊರಿಗೆ ಒಂದೊಂದು ವೋಲ್ಟೇಜಿದ್ದ ಕಾಲದ ನೆನಪಿಗೆ ಅಲ್ಲಿಯ ಯಂತ್ರಗಳಲ್ಲಿ 200ರಿಂದ 250ರವರೆಗೆ ಆರಿಸಿಕೊಳ್ಳುವ ಏರ್ಪಾಡಿರುತ್ತಿತ್ತು. ನಮ್ಮ ಪೆಟ್ಟಿಗೆಯಲ್ಲಿ ಅಂಥದೊಂದು ಏರ್ಪಾಡು ಇತ್ತು. ಅದನ್ನು ನಮ್ಮ 230ಕ್ಕೆ ಹೊಂದಿಸಿಯೂ ಇದ್ದರು.

ಅಮೆರಿಕದ್ದಾಗಿದ್ದರೆ ಕೆಲಸ ಇನ್ನೂ ಸಲೀಸಾಗುತ್ತಿತ್ತು ಎಂದು ನಡುವೆ ಹೇಳಿಬಿಡುತ್ತೇನೆ. ಅಲ್ಲಿಯ ಬಿಡಿಭಾಗಗಳ ಮೇಲೆ ಆರೇಳು ಅಂಕಿಗಳ ಒಂದು ಸಾಲು ಇರುತ್ತದೆ. ಮೊದಲ ಮೂರು ತಯಾರಕರ ಗುರುತು: 137 ಎಂದರೆ ಸಿ.ಟಿ.ಎಸ್., 274 ಎಂದರೆ ಆರ್.ಸಿ.ಎ. ಮುಂದಿನವು ವರ್ಷ ಮತ್ತು ವಾರ. 1376018 ಎಂದಿದ್ದರೆ ಆ ಭಾಗ 1960ರ ಹದಿನೆಂಟನೆಯ ವಾರದ್ದು. ರೇಡಿಯೊ ಕೂಡಿದ ಸೆಟ್ಟಾದರೆ ಇನ್ನೂ ಒಂದು ಸ್ವಾರಸ್ಯವಿದೆ. ಒಂದೇ ಎಫ್.ಎಂ. ಅಲೆಯಲ್ಲಿ ಎರಡು ಧ್ವನಿ ಕಳಿಸುವ ಪದ್ಧತಿಗೆ ಅಮೆರಿಕದ ಸರ್ಕಾರ ಒಪ್ಪಿಗೆ ಕೊಟ್ಟದ್ದು 1961ರಲ್ಲಿ. ಅದಕ್ಕೆ ಮೊದಲು ಕೆಲವು ನಿಲಯಗಳು ಎಡದ ದನಿಯನ್ನು ಒಂದು ಅಲೆಯಲ್ಲೂ ಬಲದ ದನಿಯನ್ನು ಇನ್ನೊಂದರಲ್ಲೂ ಕಳಿಸುತ್ತಿದ್ದವು. ಆದ್ದರಿಂದ ಒಂದೇ ಪೆಟ್ಟಿಗೆಯಲ್ಲಿ ಎ.ಎಂ. ಮತ್ತು ಎಫ್.ಎಂ. ಎರಡನ್ನೂ ಏಕಕಾಲಕ್ಕೆ ಬೇರೆಬೇರೆ ತಿರುಗಿಸುವ ಗುಂಡಿಗಳಿದ್ದರೆ, ಅದು ಆ ಮೂರು ವರ್ಷಗಳ ಕೂಸೆಂದೇ ಲೆಕ್ಕ. ಬಿ.ಬಿ.ಸಿ.ಯವರೂ 1958ರಿಂದ ಕೆಲವು ಶನಿವಾರಗಳ ಬೆಳಿಗ್ಗೆ ಒಂದು ದನಿಯನ್ನು ರೇಡಿಯೊದಲ್ಲಿ, ಇನ್ನೊಂದನ್ನು ಟೆಲಿವಿಷನ್ನಿನ ಧ್ವನಿಯಲ್ಲಿ ಕಳಿಸಿ ಪ್ರಯೋಗ ಮಾಡಿದ್ದರು. ಕೋಣೆಯ ಒಂದು ಮೂಲೆಯಲ್ಲಿ ಅದನ್ನೂ ಇನ್ನೊಂದು ಮೂಲೆಯಲ್ಲಿ ಇದನ್ನೂ ಇಟ್ಟು ನಡುವೆ ಕುಳಿತ ಸಂಸಾರಗಳನ್ನು ಊಹಿಸಿಕೊಂಡರೆ ನಗು ಬರುತ್ತದೆ, ಅಸೂಯೆಯೂ ಆಗುತ್ತದೆ.

ಹಾಸನಕ್ಕೆ ಮರಳೋಣ. ಮುಂದಿನ ಪ್ರಶ್ನೆ, ಇಂಗ್ಲೆಂಡಿನಲ್ಲಿ ಯಾರ ಮನೆಯದು? ಇಲ್ಲಿ ವಾಲ್ವುಗಳ ಪಟ್ಟಿ ಗೋತ್ರಪ್ರವರವಿದ್ದ ಹಾಗೆ. ಕ್ವಾಡ್ ಕಂಪನಿಯ ಪ್ರಸಿದ್ಧ ಯಂತ್ರವಾದರೆ ಕೆಟಿ 66 ಎಂಬ ಎತ್ತರದ ವಾಲ್ವುಗಳಿರಬೇಕು, ಎರಡು ಧ್ವನಿಗೆ ಎರಡು ಪ್ರತ್ಯೇಕ ಪೆಟ್ಟಿಗೆಗಳಿರಬೇಕು. ಮಲ್ಲಾರ್ಡ್ ಕಂಪನಿ ತನ್ನ ವಾಲ್ವುಗಳು ಖರ್ಚಾಗಲೆಂದು ಎಲ್ಲರಿಗೂ ಹಂಚಿದ "ಐದು-ಹತ್ತು" ಎಂಬ ನಕ್ಷೆಯೊಂದಿತ್ತು. ಐದು ವಾಲ್ವು, ಹತ್ತು ವಾಟ್ ಎಂದು ಹೆಸರಿನ ಅರ್ಥ. ಮನೆಯಲ್ಲೇ ಕೂಡಿಸುವವರ ಅಚ್ಚುಮೆಚ್ಚಿನ ನಕ್ಷೆ ಅದು. ಮೊಮ್ಮಗನ ಊಹೆ ನಿಜವಾಗಿ ಅಜ್ಜನೇ ಕೂಡಿಸಿದ್ದಾದರೆ ಬಹುಶಃ ಈ ನಕ್ಷೆಯನ್ನೇ ಹಿಡಿದಿರುತ್ತಿದ್ದರು, ಮತ್ತು ಆಗ ಧ್ವನಿಗೊಂದರಂತೆ ಇಎಫ್ 86 ಎಂಬ ವಾಲ್ವು ಮುಂದೆ ಇರಲೇಬೇಕಿತ್ತು. ಇಲ್ಲಿ ಅದು ಇರಲಿಲ್ಲ. ಇದ್ದದ್ದು ಮೂರು ಇಸಿಸಿ 83, ನಾಲ್ಕು ಇಎಲ್ 84, ವಿದ್ಯುತ್ತನ್ನು ಏಕಮುಖ ಮಾಡುವ ಒಂದು ಜಿಜೆಡ್ 34. ಮೂರು ಎಂಬ ಈ ಬೆಸ ಸಂಖ್ಯೆಯೇ ಗುಟ್ಟು ಬಿಟ್ಟುಕೊಟ್ಟಿತು. ಇಸಿಸಿ 83ರ ಒಂದು ಬುರುಡೆಯೊಳಗೆ ಎರಡು ವಾಲ್ವುಗಳು ವಾಸಿಸುತ್ತವೆ. ಮೊದಲನೆಯ ಬುರುಡೆಯನ್ನು ಎಡಕ್ಕರ್ಧ ಬಲಕ್ಕರ್ಧ ಹಂಚಿ, ಉಳಿದ ಎರಡನ್ನು ಒಂದೊಂದು ಧ್ವನಿಗೆ ಕೊಟ್ಟಿದ್ದರು. ಎಣಿಕೆಯ ಮಿತವ್ಯಯ, ಕಾರ್ಖಾನೆಯ ಬುದ್ಧಿ.

ತಗಡಿನ ಅಡಿಯನ್ನು ತೆರೆಯುವ ಮೊದಲು ಊರಿನ ಹಿರಿಯ ರೇಡಿಯೊ ಮೆಕ್ಯಾನಿಕರೊಬ್ಬರನ್ನು ಕರೆಸಿದೆವು. ಅವರು ಬಂದವರೇ ಎಡಗೈಯನ್ನು ಜೇಬಿಗೆ ಹಾಕಿಕೊಂಡರು. ಈ ಯಂತ್ರಗಳಲ್ಲಿ ಮುನ್ನೂರು ವೋಲ್ಟಿನಷ್ಟು ಓಡಾಡುತ್ತದೆ. ವಿದ್ಯುತ್ತನ್ನು ಕಿತ್ತ ಮೇಲೂ ಕೆಪಾಸಿಟರುಗಳು ಅದನ್ನು ಹಿಡಿದಿಟ್ಟುಕೊಂಡಿರುವುದುಂಟು. ಎರಡು ಕೈಯಿಂದ ಮುಟ್ಟಿದರೆ ಅದು ಎದೆಯ ಮೂಲಕ ಹಾಯುತ್ತದೆ, ಅದಕ್ಕೇ ಒಂದು ಕೈ ಜೇಬಿನಲ್ಲಿ. ಐವತ್ತು ವರ್ಷ ಬದುಕಿದ್ದು ಈ ಜೇಬಿನಿಂದ ಎಂದರು. ಅಡಿಯ ತಗಡನ್ನು ಬಿಚ್ಚಿದಾಗ, ಬೂದು ಬಣ್ಣ ತಲುಪದ ಒಳ ಅಂಚಿನಲ್ಲಿ ಕಂಚಿನ ಹೊಳಪಿನ, ಸುತ್ತಿಗೆಯಿಂದ ತಟ್ಟಿದಂತೆ ಕಾಣುವ ಹಳೆಯ ಬಣ್ಣ ಉಳಿದಿತ್ತು. ನನ್ನಲ್ಲಿದ್ದ ಹಳೆಯ ಇಂಗ್ಲಿಷ್ ಪತ್ರಿಕೆಗಳ ಚಿತ್ರಗಳನ್ನೂ ನಕ್ಷೆಯನ್ನೂ ಹೋಲಿಸಿ ನೋಡಿದೆ. ಟ್ರಾನ್ಸ್‌ಫಾರ್ಮರುಗಳು ಕುಳಿತ ಜಾಗ, ವಾಲ್ವುಗಳ ಸಾಲು, ತಂತಿಯ ಹಾದಿ ಎಲ್ಲವೂ ಹೊಂದಿದವು. ಲಂಡನ್ನಿನ ಆಕ್ಟನ್‌ನಲ್ಲಿದ್ದ ಲೀಕ್ ಕಂಪನಿಯ ಸ್ಟೀರಿಯೊ 20.

ಹೆರಾಲ್ಡ್ ಲೀಕ್ 1934ರಲ್ಲಿ ಈ ಕಂಪನಿಯನ್ನು ಕಟ್ಟಿದರು. ಮೂಲ ಸದ್ದಿಗೆ ಆಂಪ್ಲಿಫೈಯರು ತಾನಾಗಿ ಬೆರೆಸುವ ವಿಕಾರ ಶೇಕಡ 0.1ಕ್ಕಿಂತ ಹೆಚ್ಚಾಗದು ಎಂದು 1945ರಲ್ಲಿ ಸಾರಿ, ಆ ದಶಾಂಶವನ್ನೇ "ಪಾಯಿಂಟ್ ಒನ್" ಎಂದು ಬಿರುದಾಗಿ ಧರಿಸಿದವರು. ಸ್ಟೀರಿಯೊ ತಟ್ಟೆ ಬಂದ 1958ರಲ್ಲೇ ಸ್ಟೀರಿಯೊ 20 ಬಂದಿತು. ಧ್ವನಿಗೆ ಹತ್ತು ವಾಟಿನಂತೆ ಇಪ್ಪತ್ತು. ಅದೇ ಕಂಪನಿ 1963ರಲ್ಲಿ ಟ್ರಾನ್ಸಿಸ್ಟರಿನ ಸ್ಟೀರಿಯೊ 30 ಅನ್ನು ಹೊರತಂದು ತನ್ನ ವಾಲ್ವುಗಳಿಗೆ ತಾನೇ ವಿದಾಯ ಹೇಳತೊಡಗಿತು. 1969ರಲ್ಲಿ ಕಂಪನಿ ರ‍್ಯಾಂಕ್ ಸಂಸ್ಥೆಯ ಪಾಲಾಯಿತು. ಯಂತ್ರ ಲೀಕಿನದೆಂದು ತಿಳಿದ ಗಳಿಗೆಯಲ್ಲೇ ಅಜ್ಜಿಯ 1956 ಉಸಿರು ಬಿಟ್ಟಿತು. ಮೊಮ್ಮಗನ ವಾದವೂ ಬಿತ್ತು. ಇಬ್ಬರೂ ಸೋತ ಆ ನಿರ್ಣಯವನ್ನು ನಾನು ಕೂಡಲೇ ಹೇಳಲಿಲ್ಲ.

ಆದರೆ ಬೆಂಗಳೂರಿನ ವಾಲ್ವುಗಳು ಅಲ್ಲಿ ಹೇಗೆ ಬಂದವು? ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾದದ್ದು 1954ರಲ್ಲಿ, ಜಾಲಹಳ್ಳಿಯ ಕಾರ್ಖಾನೆ ರೇಡಿಯೊ ವಾಲ್ವುಗಳ ತಯಾರಿಕೆಗೆ ತೊಡಗಿದ್ದು 1961ರಲ್ಲಿ. ವಿದೇಶೀ ಸಾಮಾನಿಗೆ ಪರವಾನಗಿಯೇ ಸಿಗದಿದ್ದ ಆ ಕಾಲದಲ್ಲಿ ನಮ್ಮ ನಾಡಿನ ಅಸಂಖ್ಯ ರೇಡಿಯೊಗಳು ಉಸಿರಾಡಿದ್ದು ಆ ಬುರುಡೆಗಳಿಂದ. ವಾಲ್ವು ಸವೆಯುವ ವಸ್ತು, ದೀಪದ ಬತ್ತಿಯಂತೆ ಬದಲಾಗುತ್ತಲೇ ಇರುತ್ತದೆ. ಆದ್ದರಿಂದಲೇ ಹಳೆಯ ಯಂತ್ರವನ್ನು ವಾಲ್ವಿನ ಮೇಲಿನ ಹೆಸರಿನಿಂದ ಗುರುತಿಸಹೊರಡುವುದು ಗುಡಿಯ ಕಾಲವನ್ನು ಅದರ ಗೋಡೆಯ ಸುಣ್ಣದಿಂದ ಹೇಳಿದ ಹಾಗೆ. ನಾಲ್ಕು ಇಎಲ್ 84ಗಳೂ ಒಂದು ಇಸಿಸಿ 83ಯೂ ಬಿಇಎಲ್‌ನವು. ಉಳಿದ ಎರಡು ಇಸಿಸಿ 83ಗಳ ಮೇಲೆ ಅಕ್ಷರವೆಲ್ಲ ಉಜ್ಜಿಹೋಗಿತ್ತು. ನನಗೆ ಬೇಕಾದದ್ದು ಅವೇ.

ವಾಲ್ವಿನ ಮೇಲೆ ಎರಡು ಬಗೆಯ ಬರಹಗಳಿರುತ್ತವೆ. ಒಂದು ಕೊಳ್ಳುವವನಿಗಾಗಿ ದೊಡ್ಡದಾಗಿ ಮುದ್ರಿಸಿದ ಕಂಪನಿಯ ಹೆಸರು. ಅದನ್ನು ಒರೆಸಿ ಬೇರೆಯದನ್ನು ಅಚ್ಚು ಹಾಕುವುದು ಕಷ್ಟವಲ್ಲ. ಹಾಕಿದವರು ಬೇಕಾದಷ್ಟು ಜನ. ಜರ್ಮನಿಯ ಟೆಲಿಫುಂಕನ್ ಹೆಸರಿಗೆ ಬೆಲೆ ಬಂದ ಮೇಲೆ ಆ ಹೆಸರು ಹೊತ್ತ ನಕಲಿಗಳು ಲೋಕದಲ್ಲಿ ತುಂಬಿದವು. ಆದರೆ ಆ ಕಂಪನಿ ತನ್ನ ಸಣ್ಣ ವಾಲ್ವುಗಳ ಬುಡದಲ್ಲಿ, ಕಾಲುಗಳ ನಡುವೆ, ಗಾಜನ್ನೇ ಒತ್ತಿ ವಜ್ರಾಕಾರದ ಒಂದು ಗುರುತನ್ನು ಮೂಡಿಸುತ್ತಿತ್ತು. ಬಲ್ಲವರು ಹೆಸರನ್ನು ಓದುವುದಿಲ್ಲ, ಬುರುಡೆಯನ್ನು ತಲೆಕೆಳಗು ಮಾಡುತ್ತಾರೆ. ಫಿಲಿಪ್ಸ್ ಬಳಗದ ಕಾರ್ಖಾನೆಗಳು ಗಾಜಿನ ಕೆಳ ಅಂಚಿನಲ್ಲಿ ಮಾಸಲು ಬೂದಿಯ ಬಣ್ಣದ ಎರಡು ಪುಟ್ಟ ಸಾಲುಗಳನ್ನು ಬರೆಯುತ್ತಿದ್ದವು, ತಮ್ಮ ಲೆಕ್ಕಕ್ಕಾಗಿ, ಗಿರಾಕಿಗಾಗಿ ಅಲ್ಲ. ಎರಡನೆಯ ಸಾಲಿನ ಮೊದಲ ಗುರುತು ಕಾರ್ಖಾನೆಯದು, ಮುಂದಿನ ಅಂಕಿ ವರ್ಷದ ಕೊನೆಯ ಸ್ಥಾನ, ಆಮೇಲಿನ ಅಕ್ಷರ ತಿಂಗಳು, ಕೊನೆಯದು ವಾರ. ಬೆಳಕಿಗೆ ಓರೆಯಾಗಿ ಹಿಡಿದು ಬಾಯಿಯ ಆವಿ ಊದಿದಾಗ ಒಂದರ ಮೇಲೆ ಕಾಣಿಸಿತು: ಬಿ 0 ಬಿ 2. ಮೊದಲ "ಬಿ" ಇಂಗ್ಲೆಂಡಿನ ಬ್ಲಾಕ್‌ಬರ್ನ್‌ನಲ್ಲಿದ್ದ ಮಲ್ಲಾರ್ಡ್ ಕಾರ್ಖಾನೆ. ಎರಡನೆಯದು ಫೆಬ್ರವರಿ. ವಾರ ಎರಡನೆಯದು. ವರ್ಷ, ಸೊನ್ನೆ.

ಸೊನ್ನೆ ಎಂದರೆ 1960 ಆಗಬಹುದು, 1970 ಆಗಬಹುದು. ಶಾಸನದವರಿಗೆ ಇದು ಹಳೆಯ ತಲೆನೋವು. ಕಲ್ಲಿನಲ್ಲಿ ಶಾರ್ವರಿ ಸಂವತ್ಸರ ಎಂದಷ್ಟೇ ಇದ್ದರೆ ಏನು ಮಾಡುವುದು? ಶಾರ್ವರಿ ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ. 1900ರಲ್ಲಿ ಬಂತು, 1960ರಲ್ಲಿ ಬಂತು, 2020ರಲ್ಲಿ ಮತ್ತೆ ಬಂತು. ಶಕವರ್ಷವೋ ಅರಸನ ಹೆಸರೋ ಜೊತೆಗೆ ಸಿಗುವವರೆಗೆ ಕೈಕಟ್ಟಿ ಕೂರಬೇಕು. ನಮಗೆ ಆ ಎರಡನೆಯ ಸಾಕ್ಷಿ ಅಡಿಯಲ್ಲೇ ದೊರೆಯಿತು. ಮೂಲದ ಬೆಸುಗೆ ಅಲುಗದೆ ಉಳಿದಿದ್ದ ಒಂದು ದೊಡ್ಡ ಕೆಪಾಸಿಟರಿನ ಮೈಮೇಲೆ ಮಸಿಯ ಮೊಹರು, ಮೇ 1960. ಯಂತ್ರ ಕೂಡಿದ್ದು ಅದಕ್ಕೂ ಈಚೆಗೆ.

ಗಂಗರ ತಾಮ್ರಪಟಗಳ ಬಗ್ಗೆ ಫ್ಲೀಟ್ ಮತ್ತು ರೈಸ್ ನಡುವೆ ನಡೆದ ದೀರ್ಘ ವಿವಾದ ಓದುಗರಲ್ಲಿ ಹಲವರಿಗೆ ತಿಳಿದಿರಬಹುದು. ಫ್ಲೀಟ್ ಅವುಗಳಲ್ಲಿ ಹಲವನ್ನು ಕೂಟಶಾಸನಗಳೆಂದು ತಳ್ಳಿಹಾಕಿದರು. ಲಿಪಿ ಹೇಳುವ ಕಾಲ ಬೇರೆ, ಪಟ ಹೇಳುವ ಕಾಲ ಬೇರೆ, ತಿಥಿವಾರಗಳು ತಾಳೆಯಾಗುವುದಿಲ್ಲ ಎಂದು ಅವರ ವಾದ. ರೈಸ್ ಸುಲಭವಾಗಿ ಒಪ್ಪಲಿಲ್ಲ. ನಾನು ವಿದ್ಯಾರ್ಥಿಯಾಗಿದ್ದಾಗ ಫ್ಲೀಟರ ಪಕ್ಷ. ಅವರ ತರ್ಕ ಕತ್ತಿಯಂತಿತ್ತು. ಹಾಸನದ ಆ ಮನೆಯ ಜಗುಲಿಯಲ್ಲಿ ಕುಳಿತು, ಐವತ್ತು ವರ್ಷ ಒಂದು ಸಂಸಾರ ನಂಬಿಕೊಂಡು ಬಂದದ್ದನ್ನು ಒಂದು ಸೊನ್ನೆಯಿಂದ ಅಳಿಸಬೇಕಾಗಿ ಬಂದಾಗ ರೈಸರ ಹಿಂಜರಿಕೆ ನನಗೆ ಮೊದಲ ಬಾರಿ ಅರ್ಥವಾಯಿತು.

ಯಜಮಾನರ ಪಾಸ್‌ಪೋರ್ಟು ಟ್ರಂಕಿನಲ್ಲಿತ್ತು. ಅವರು ಇಂಗ್ಲೆಂಡಿನಿಂದ ಮರಳಿದ್ದು 1957ರಲ್ಲಿ. ಆಮೇಲೆ ಹೋಗಿಲ್ಲ. ಹಾಗಾದರೆ 1960ರ ನಂತರ ಆಕ್ಟನ್‌ನಲ್ಲಿ ಹುಟ್ಟಿದ ಯಂತ್ರ ಹಾಸನಕ್ಕೆ ಹೇಗೆ ಬಂತು? ನಾನು ಮನೆಯ ಹಳೆಯ ಲೆಕ್ಕದ ಪುಸ್ತಕಗಳಿವೆಯೇ ಎಂದು ಕೇಳಿದೆ. ಇದ್ದವು, ವರ್ಷಕ್ಕೊಂದರಂತೆ, ಹಗ್ಗ ಕಟ್ಟಿ. ಕಂಪನಿಯ ಫಲಕ, ಸಂಸಾರದ ಕಥೆ ಇವು ಹೊರಗಿನವರಿಗೆ. ಹಾಲು, ಸೀಮೆಎಣ್ಣೆ, ಅಗಸನ ಲೆಕ್ಕ ಬರೆಯುವಾಗ ಯಾರೂ ಯಾರಿಗೂ ಏನನ್ನೂ ತೋರಿಸಬೇಕಾಗಿರುವುದಿಲ್ಲ. ಮೊಮ್ಮಗನೂ ನಾನೂ 1961ರಿಂದ ಹಾಳೆ ತಿರುವುತ್ತ ಬಂದೆವು. 1964ರ ಪುಸ್ತಕದಲ್ಲಿ ಯುಗಾದಿ ಕಳೆದ ಮೇಲೆ ಒಂದು ಸಾಲು ಸಿಕ್ಕಿತು: ದೊರೆ ಬಂಗಲೆ ಹರಾಜು, ಗ್ರಾಮಫೋನ್ ಸೆಟ್ಟು, ರೂ. 325. ಅದರ ಕೆಳಗೆ: ಸಕಲೇಶಪುರದಿಂದ ಲಾರಿ ಬಾಡಿಗೆ, ರೂ. 12.

ಸ್ವಾತಂತ್ರ್ಯ ಬಂದ ಮುಂದಿನ ಎರಡು ದಶಕಗಳಲ್ಲಿ ಮಲೆನಾಡಿನ ಇಂಗ್ಲಿಷ್ ತೋಟಗಾರರು ಒಬ್ಬೊಬ್ಬರಾಗಿ ಎಸ್ಟೇಟು ಮಾರಿ ಊರಿಗೆ ಹೊರಟರು. ಹೊರಡುವಾಗ ಬಂಗಲೆಯ ಮೇಜು, ಕುರ್ಚಿ, ಪಿಂಗಾಣಿ, ಬೇಟೆಯ ಕೊಂಬುಗಳು ಹರಾಜಾಗುತ್ತಿದ್ದವು. ಅಂಥದೊಂದು ಹರಾಜಿನಲ್ಲಿ ನಮ್ಮ ಎಂಜಿನಿಯರು ಕೂಗಿ ಹಿಡಿದದ್ದು ಈ ಸ್ಟೀರಿಯೊ 20. ಲಂಡನ್ನಿನಿಂದ ಬಂದದ್ದೆಂಬುದು ಸುಳ್ಳಲ್ಲ, ತಂದವರು ಬೇರೆ.

ಆ ಸಾಲಿನ ಅಕ್ಷರ ಯಜಮಾನರದಲ್ಲ ಎಂಬುದನ್ನು ಮೊದಲು ಗಮನಿಸಿದವನು ಮೊಮ್ಮಗ. ಮನೆಯ ಲೆಕ್ಕ ಬರೆಯುತ್ತಿದ್ದವರು ಅಜ್ಜಿ. ಪುಸ್ತಕವನ್ನು ಅವರ ಮುಂದೆ ಇಟ್ಟೆವು. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ನನ್ನ ಕೈಯೇ ಮೇಷ್ಟ್ರೇ" ಎಂದರು. "ಅವರು ಮನೆಗೆ ಬಂದವರಿಗೆಲ್ಲ ಲಂಡನ್ನಿನ ಮಾತೇ ಹೇಳ್ತಿದ್ದರು. ಹರಾಜಿನ ಸಾಮಾನು ಅಂದರೆ ನಮ್ಮತ್ತೆ ಒಳಗೇ ಬಿಟ್ಟುಕೊಳ್ತಿರಲಿಲ್ಲ. ಅತ್ತೆಗೆ ಹೇಳಿದ್ದೇ ಎಲ್ಲರಿಗೂ ಹೇಳಿದರು. ಕೇಳಿ ಕೇಳಿ ನನಗೂ ಅದೇ ನಿಜ ಆಗಿಹೋಯಿತು."

ಹಾಗಾದರೆ 1956 ಎಲ್ಲಿಂದ ಬಂತು ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, ಲಂಡನ್ನಿನಿಂದ ಯಜಮಾನರು ಒಂದು ಸಣ್ಣ ರೇಡಿಯೊ ತಂದಿದ್ದುದು ನಿಜವೆಂದೂ, ಅದು ಎರಡೇ ವರ್ಷದಲ್ಲಿ ಕೆಟ್ಟು ಮೂಲೆ ಸೇರಿತೆಂದೂ ಹೇಳಿದರು. ಎರಡು ಪೆಟ್ಟಿಗೆಗಳು ನೆನಪಿನಲ್ಲಿ ಒಂದಾಗಿದ್ದವು.

ಇನ್ನೊಂದು ಸಂಗತಿ ಆ ಮೇಲೆ ತಿಳಿಯಿತು. ಮನೆಯಲ್ಲಿದ್ದ ತಟ್ಟೆಗಳೆಲ್ಲ ಏಕಧ್ವನಿಯವು. ಆಗಿನ ನಮ್ಮ ಬಾನುಲಿಯೂ ಏಕಧ್ವನಿಯದೇ. ಸ್ಪೀಕರೂ ಒಂದೇ ಇತ್ತು. ಹರಾಜಿನಲ್ಲಿ ಜೋಡಿಯ ಇನ್ನೊಂದನ್ನು ಬೇರೆ ಯಾರೋ ಕೊಂಡಿದ್ದಿರಬೇಕು. ಎರಡು ಧ್ವನಿಗಾಗಿ ಕಟ್ಟಿದ ಆ ಯಂತ್ರ ಹಾಸನದಲ್ಲಿ ಬಾಳಿದಷ್ಟು ಕಾಲವೂ ಅರ್ಧ ಮೈಯಲ್ಲೇ ಹಾಡಿತ್ತು. ಮೆಕ್ಯಾನಿಕರು ಸೋರುತ್ತಿದ್ದ ಕೆಪಾಸಿಟರುಗಳನ್ನು ಬದಲಿಸಿ, ವೋಲ್ಟೇಜನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ ಮೂರು ದಿನ ಪಾಡುಪಟ್ಟರು. ಬೆಂಗಳೂರಿನ ವಾಲ್ವುಗಳನ್ನು ಕಿತ್ತು ಇಂಗ್ಲೆಂಡಿನವನ್ನು ತರಿಸಿ ಹಾಕಿದರೆ ಬೆಲೆ ಹೆಚ್ಚುತ್ತದೆ ಎಂದು ಮೊಮ್ಮಗ ಎಲ್ಲಿಯೋ ಓದಿಕೊಂಡು ಬಂದಿದ್ದ. ಅಜ್ಜಿ ಬೇಡವೆಂದರು, ನನ್ನ ಅಭಿಪ್ರಾಯವೂ ಅದೇ ಆಗಿತ್ತು. ಮುಲಾಜಿಗೆ ಹೇಳಿದ್ದಲ್ಲ, ಯಜಮಾನರು ಬದಲಿಸಿದ ವಾಲ್ವುಗಳು ಆ ಯಂತ್ರದ ಚರಿತ್ರೆಯ ಭಾಗ, ಮತ್ತು ಅವು ಇನ್ನೂ ಗಟ್ಟಿಯಾಗಿ ದುಡಿಯುತ್ತಿದ್ದವು.

ಪೆಟ್ಟಿಗೆಯ ಅಡಿಯಲ್ಲಿ ಅಂಟಿಸಲು ಒಂದು ಚೀಟಿ ಬರೆದುಕೊಡಿ ಎಂದು ಅಜ್ಜಿ ಕೇಳಿದರು. ನಿಜವನ್ನೇ ಬರೆಯಿರಿ, ಆದರೆ ಲಂಡನ್ನಿನ ಮಾತನ್ನು ಬಿಡಬೇಡಿ ಎಂದರು. ಯಂತ್ರದ ಹೆಸರು, ವಾಲ್ವಿನ ಗುರುತು, ಕೆಪಾಸಿಟರಿನ ಮೊಹರು, ಲೆಕ್ಕದ ಪುಸ್ತಕದ ಸಾಲು ಇವನ್ನು ಬರೆದು, ಕೊನೆಗೆ, ಮನೆಯವರು ಇದನ್ನು 1956ರಲ್ಲಿ ಲಂಡನ್ನಿನಿಂದ ತಂದದ್ದೆಂದು ಹೇಳುತ್ತಿದ್ದರು ಎಂದು ಸೇರಿಸಿದೆ. ದೊರೆಯ ಹೆಸರಿಗೆಂದು ಒಂದು ಸಾಲು ಖಾಲಿ ಬಿಟ್ಟೆ. ಲೆಕ್ಕದ ಪುಸ್ತಕದಲ್ಲಿ ಅದು ಇರಲಿಲ್ಲ. ಸಕಲೇಶಪುರದ ಕಡೆಯವರು ಯಾರಾದರೂ, ಬಂಗಲೆಯ ಹರಾಜಿನಲ್ಲಿ ತಮ್ಮ ಹಿರಿಯರು ಒಂಟಿ ಸ್ಪೀಕರೊಂದನ್ನು ಕೊಂಡಿದ್ದರೆಂದು ಕೇಳಿ ಬಲ್ಲರಾದರೆ ತಿಳಿಸಬೇಕೆಂದು ಅಂದಿನಿಂದ ಕೇಳುತ್ತ ಬಂದಿದ್ದೇನೆ. ಇಂದೂ ಕೇಳುತ್ತಿದ್ದೇನೆ.